ಯಾರಿಗೆ ಯಾವ ಚಂದಾ ಆಫರ್ ಕಾಣಬೇಕು? ಅರ್ಹತೆ ನೋಡಿ ತೋರಿಸುವ ಸಮಗ್ರ ಮಾರ್ಗದರ್ಶಿ

'ಹೊಸ ಸದಸ್ಯರಿಗೆ ಮೊದಲ ವರ್ಷ 699 ರೂಪಾಯಿ' ಎಂದು ಆಫರ್ ಹಾಕಿದ ಮರುದಿನವೇ ಹಳೆಯ ಸದಸ್ಯರ ಫೋನ್ ಶುರುವಾಗುತ್ತದೆ. "ಮೂರು ವರ್ಷದಿಂದ 999 ಕಟ್ತಾ ಬಂದವರು ನಾವು. ನಮಗೂ 699 ಅಂತ ತೋರಿಸ್ತದೆ, ಒತ್ತಿದ್ರೆ ಆಗೂದಿಲ್ಲ." ಇದರ ಉಲ್ಟಾ ದೂರೂ ಬರುತ್ತದೆ: ನಿಜವಾಗಿ ಹೊಸಬರಾದವರಿಗೆ ಆಫರ್ ಕಾಣುವುದೇ ಇಲ್ಲ. ಮೂರನೆಯ ತೊಂದರೆ ಸದ್ದಿಲ್ಲದ್ದು. ಹಳಬರು ಚಂದಾ ರದ್ದು ಮಾಡಿ ಮನೆಯ ಇನ್ನೊಂದು ನಂಬರಿನಿಂದ ಹೊಸಬರಾಗಿ ಸೇರುತ್ತಾರೆ. ಲೆಕ್ಕದಲ್ಲಿ ಸದಸ್ಯರು ಹೆಚ್ಚಾದಂತೆ ಕಾಣುತ್ತದೆ, ಗಲ್ಲೆಯಲ್ಲಿ ದುಡ್ಡು ಕಡಿಮೆ.

ಇದೆಲ್ಲ ಕೆಡುವುದಕ್ಕೆ ಕಾರಣ ಬ್ಯಾನರ್‌ನಿಂದ ಶುರು ಮಾಡುವುದು. ಬಣ್ಣ, ದರ, 'ಇಂದೇ ಸೇರಿ' ಎಲ್ಲ ತಯಾರಾದ ಮೇಲೆ 'ಇದು ಯಾರಿಗೆ?' ಎಂಬ ಪ್ರಶ್ನೆ ಏಳುತ್ತದೆ. ಆಗ ಪುಟದಲ್ಲಿ 'ಲಾಗಿನ್ ಆಗಿದ್ದರೆ ಅಡಗಿಸು' ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಕೆಲಸ ಆಗಬೇಕಾದ ಕ್ರಮ ಬೇರೆ. ಮೊದಲು ಸದಸ್ಯರ ಸ್ಥಿತಿ, ಆಮೇಲೆ ನಿಯಮ, ಕಟ್ಟಕಡೆಗೆ ಬ್ಯಾನರ್. ಅರ್ಹತೆಯನ್ನು ನೋಡುವುದೂ ಎರಡು ಸಲ: ತೋರಿಸುವಾಗ ಒಮ್ಮೆ, ಹಣ ಪಡೆಯುವಾಗ ಇನ್ನೊಮ್ಮೆ.

ಉದಾಹರಣೆಗೆ, ಶಿರಸಿಯಿಂದ ನಡೆಯುವ ಒಂದು ಯಕ್ಷಗಾನ–ತಾಳಮದ್ದಳೆ ವಿಡಿಯೋ ಚಂದಾ ಇದೆ ಎಂದುಕೊಳ್ಳಿ. ಮಾಸಿಕ 99, ವಾರ್ಷಿಕ 999 ರೂಪಾಯಿ. ಹೊಸಬರಿಗೆ ಮೊದಲ ವರ್ಷ 699, ವಿದ್ಯಾರ್ಥಿಗಳಿಗೆ 499, ಬಿಟ್ಟುಹೋಗಿ ಮರಳಿ ಬರುವವರಿಗೆ 799. ಕಾರವಾರದ ಕೋಚಿಂಗ್ ಟೆಸ್ಟ್ ಸರಣಿಯಾಗಲಿ, ಕುಮಟಾದ ಪತ್ರಿಕೆಯ ಡಿಜಿಟಲ್ ಆವೃತ್ತಿಯಾಗಲಿ, ಕ್ರಮ ಇದೇ.

## ಶುರು ಮಾಡುವ ಮೊದಲು

ಎಲ್ಲ ಸದಸ್ಯರೂ ಒಂದೇ ಕಡೆ ಇರುವ ಪಟ್ಟಿ ಬೇಕು. ಹಣದ ದಾಖಲೆ ಬೇಕು. ಪೇಮೆಂಟ್ ಗೇಟ್‌ವೇಯದು (ಆನ್‌ಲೈನ್ ಪಾವತಿ ಪಡೆದುಕೊಡುವ ಸೇವೆ), ಪ್ಲೇ ಸ್ಟೋರ್‌ನದು, ಆ್ಯಪ್ ಸ್ಟೋರ್‌ನದು, ನಗದು ರಸೀದಿ ಪುಸ್ತಕದ್ದು, ನಾಲ್ಕೂ. ನಿಯಮ ಬರೆಯುವುದಕ್ಕೆ ಒಂದು ಶೀಟ್, ಅದನ್ನು ಸರ್ವರ್‌ಗೆ ಹಾಕಬಲ್ಲ ಒಬ್ಬ ಡೆವಲಪರ್, ನಿಜವಾದ ಆ್ಯಪ್‌ಗೆ ತಾಗದ ಪರೀಕ್ಷಾ ಸರ್ವರ್. ಇಷ್ಟರ ಜೊತೆಗೆ 'ಈ ಸದಸ್ಯರಿಗೆ ಕೊಡಬಹುದು' ಎಂದು ಕೊನೆಯ ಮಾತು ಹೇಳುವ ಒಬ್ಬರು ಬೇಕು. ಇಬ್ಬರು ಹೇಳುವ ಕಡೆ ನಿಯಮ ಉಳಿಯುವುದಿಲ್ಲ.

## ಹಂತ 1: ಸದಸ್ಯರ ಸ್ಥಿತಿಗಳನ್ನು ಬರೆದಿಡಿ

'ಹೊಸಬ', 'ಹಳಬ' ಎಂಬ ಎರಡೇ ಖಾನೆ ಸಾಲುವುದಿಲ್ಲ. ಕನಿಷ್ಠ ಇಷ್ಟು ಬೇಕು:

1. ಲಾಗಿನ್ ಆಗದೆ ನೋಡುತ್ತಿರುವವರು
2. ನೋಂದಾಯಿಸಿಕೊಂಡವರು, ಆದರೆ ಒಮ್ಮೆಯೂ ಹಣ ಕಟ್ಟದವರು
3. ಉಚಿತ ಟ್ರಯಲ್‌ನಲ್ಲಿರುವವರು
4. ಚಂದಾ ಚಾಲ್ತಿ, ಆಟೋಪೇ (ಕಂತು ತಾನಾಗಿಯೇ ಕಟ್ಟಾಗುವ ವ್ಯವಸ್ಥೆ) ಇದೆ
5. ಚಂದಾ ಚಾಲ್ತಿ, ಆದರೆ ಆಟೋಪೇ ರದ್ದು ಮಾಡಿದ್ದಾರೆ
6. ಕಂತು ಕಟ್ಟಾಗದೆ ನಿಂತಿದೆ
7. ಚಂದಾ ಮುಗಿದಿದೆ
8. ರಿಫಂಡ್ ಪಡೆದವರು
9. ಗೌರವ ಸದಸ್ಯರು, ಅಂದರೆ ಕಲಾವಿದರು, ಪ್ರಾಯೋಜಕರು, ಹಣ ಕಟ್ಟದೆ ನೋಡುವವರು
10. ಮಾಹಿತಿ ಪೂರ್ತಿ ಇಲ್ಲದವರು

ಐದನೆಯದನ್ನು ಏಳನೆಯದರ ಜೊತೆ ಸೇರಿಸುವ ತಪ್ಪು ಬಹಳ ಕಡೆ ಆಗುತ್ತದೆ. ಆಟೋಪೇ ರದ್ದು ಮಾಡಿದವರು ಇನ್ನೂ ಬಿಟ್ಟುಹೋಗಿಲ್ಲ, ಅವರ ಅವಧಿ ಬಾಕಿ ಇದೆ. ರದ್ದು ಮಾಡಿದ ಕೂಡಲೇ 799ರ ಆಫರ್ ಮುಂದಿಟ್ಟರೆ, ರದ್ದು ಮಾಡಿದರೆ ದರ ಇಳಿಯುತ್ತದೆ ಎಂಬ ಸುದ್ದಿ ವಾರದೊಳಗೆ ಎಲ್ಲ ವಾಟ್ಸ್ಆ್ಯಪ್ ಗ್ರೂಪಿಗೂ ಮುಟ್ಟುತ್ತದೆ.

ಆರನೆಯವರಿಗೂ ಆಫರ್ ಬೇಡ. ಅವರ ಖಾತೆಯಲ್ಲಿ ಅಂದು ಹಣ ಇರಲಿಲ್ಲ, ಇಲ್ಲವೇ ಕಾರ್ಡ್ ಅವಧಿ ಮುಗಿದಿತ್ತು, ಅಷ್ಟೇ. ಅವರಿಗೆ ಕಾಣಬೇಕಾದದ್ದು 'ಕಂತು ನಿಂತಿದೆ, ಇಲ್ಲಿ ಒತ್ತಿ ಸರಿಪಡಿಸಿ' ಎಂಬ ಸಾಲು.

ಹತ್ತನೆಯ ಖಾನೆ ಎಲ್ಲಕ್ಕಿಂತ ಮುಖ್ಯ. ಹಳೆಯ ಚಂದಾ ರಿಜಿಸ್ಟರನ್ನು ಎಕ್ಸೆಲ್‌ಗೆ ಏರಿಸಿ ಅಲ್ಲಿಂದ ಆ್ಯಪ್‌ಗೆ ತಂದಿದ್ದರೆ 'ಮೊದಲು ಹಣ ಕಟ್ಟಿದ ದಿನ' ಎಂಬ ಕಾಲಂ ನೂರಾರು ಜನರಿಗೆ ಖಾಲಿ ಇರುತ್ತದೆ. ಖಾಲಿ ಎಂದರೆ 'ಕಟ್ಟೇ ಇಲ್ಲ' ಎಂದು ಪ್ರೋಗ್ರಾಂ ಓದಿಕೊಂಡರೆ ಅತಿ ಹಳೆಯ ಸದಸ್ಯರೇ ಹೊಸಬರಾಗಿಬಿಡುತ್ತಾರೆ. ಮೇಲೆ ಹೇಳಿದ ಮೊದಲ ದೂರಿನ ಮೂಲ ಬಹುಪಾಲು ಇಲ್ಲೇ ಇರುತ್ತದೆ. ಹೌದು, ಇಲ್ಲ, ಗೊತ್ತಿಲ್ಲ, ಈ ಮೂರು ಉತ್ತರಗಳಿಗೂ ಜಾಗ ಇಡಿ. 'ಗೊತ್ತಿಲ್ಲ' ಬಂದರೆ ಆಫರ್ ಇಲ್ಲ, ಮಾಮೂಲಿ ದರ. ಪಕ್ಕದಲ್ಲಿ 'ನಿಮ್ಮ ಹಳೆಯ ರಸೀದಿ ಇದ್ದರೆ ತಿಳಿಸಿ' ಎಂಬ ಸಾಲು.

## ಹಂತ 2: ಪ್ರತಿ ಆಫರ್‌ಗೂ ಒಂದು ಚೀಟಿ

ಪ್ರತಿ ಆಫರ್‌ಗೂ ಒಂದು ಪುಟ ತೆಗೆದಿಟ್ಟು ಇವಿಷ್ಟನ್ನು ತುಂಬಿ: ಯಾವ ಸ್ಥಿತಿಯವರಿಗೆ, ಯಾವ ಸ್ಥಿತಿಯವರಿಗೆ ಖಂಡಿತ ಅಲ್ಲ, ಶುರುವಿನ ಮತ್ತು ಕೊನೆಯ ದಿನ–ಗಂಟೆ, ಈಗಿನ ದರ, ಅವಧಿ ಮುಗಿದ ಮೇಲಿನ ದರ, ಜೀವಮಾನದಲ್ಲಿ ಎಷ್ಟು ಸಲ, ಬೇರೆ ಆಫರ್ ಜೊತೆ ಸೇರುತ್ತದೆಯೇ.

'ಯಾರಿಗೆ ಅಲ್ಲ' ಎಂಬ ಸಾಲನ್ನು ಖಾಲಿ ಬಿಡಬೇಡಿ. 'ಹೊಸಬರಿಗೆ' ಎಂದು ಬರೆದರೆ ಟ್ರಯಲ್ ಮುಗಿಸಿದವರು ಒಳಗೋ ಹೊರಗೋ? ಉಡುಗೊರೆಯಾಗಿ ಒಂದು ವರ್ಷ ನೋಡಿದವರು? ಇದನ್ನು ಡೆವಲಪರ್ ಊಹಿಸಬೇಕಾಗಿ ಬಂದರೆ ಅವರು ತಮಗೆ ಸುಲಭವಾದದ್ದನ್ನು ಊಹಿಸುತ್ತಾರೆ. ನಮ್ಮ ಸಲಹೆ: ಟ್ರಯಲ್ ಮುಗಿಸಿದವರು ಹೊಸಬರೇ, ಏಕೆಂದರೆ ಅವರು ಇನ್ನೂ ಹಣ ಕಟ್ಟಿಲ್ಲ. ಉಡುಗೊರೆಯವರು ಹೊಸಬರಲ್ಲ. ರಿಫಂಡ್ ಪಡೆದವರು ನಿಮ್ಮ ಕಡೆಯ ತಪ್ಪಿನಿಂದ ಹೊರಗೆ ಹೋಗಿದ್ದರೆ ಹೊಸಬರ ಅರ್ಹತೆ ಮರಳಿ ಕೊಡಿ, ಮನಸ್ಸು ಬದಲಾಯಿಸಿ ಹೋಗಿದ್ದರೆ ಬೇಡ.

ಕೊನೆಯ ಗಂಟೆಯನ್ನು ಬಾಯಲ್ಲಿ ಹೇಳುವುದಲ್ಲ, ಬರೆಯಿರಿ. ಸರ್ವರ್‌ಗಳು ಹೆಚ್ಚಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ ಓಡುತ್ತವೆ, ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. 'ಮೇ 31ರ ಮಧ್ಯರಾತ್ರಿವರೆಗೆ' ಎಂದಷ್ಟೇ ಹೇಳಿ ಬಿಟ್ಟರೆ ಆಫರ್ ಜೂನ್ 1ರ ಬೆಳಗಿನ 5.30ರವರೆಗೆ ಎಳೆಯುತ್ತದೆ. ಶುರುವಾಗುವಾಗಲೂ ಅಷ್ಟೇ ತಡ. ರಾತ್ರಿಯಿಡೀ ಆಟ ನೋಡುವ ಮಂದಿಗೆ ಆ ಐದೂವರೆ ತಾಸು ಸಣ್ಣದಲ್ಲ.

ಮರಳಿ ಬರುವವರ ಆಫರ್‌ನಲ್ಲಿ 'ಬಿಟ್ಟು ಎಷ್ಟು ದಿನ' ಎಂಬ ಅಂಕಿಯನ್ನು ನಮ್ಮ ಕಾಲಮಾನ ನೋಡಿ ಇಡಿ. ಬೇರೆಯವರ ಮಾರ್ಗದರ್ಶಿ ನೋಡಿ 30 ಅಥವಾ 60 ದಿನ ಎಂದು ಹಾಕುವವರೇ ಹೆಚ್ಚು. ಮೇಳಗಳ ತಿರುಗಾಟ ನವೆಂಬರ್ ಸುಮಾರಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಮಾಸಿಕ ಚಂದಾದಾರರಲ್ಲಿ ಅನೇಕರು ಜೂನ್‌ನಲ್ಲಿ ನಿಲ್ಲಿಸಿ ದೀಪಾವಳಿ ಕಳೆದ ಮೇಲೆ ತಾವಾಗಿಯೇ ಬರುವವರು. 60 ದಿನ ಎಂದಿಟ್ಟರೆ ಹೇಗೂ ಬರುವವರಿಗೆ ಆಗಸ್ಟ್‌ನಲ್ಲಿ ರಿಯಾಯಿತಿ ಹಂಚಿದಂತೆ. ಇಂಥ ಚಂದಾಕ್ಕೆ 180 ದಿನ ಸರಿಯಾದ ಗಡಿ. ಮಳೆಗಾಲದ ತಾಳಮದ್ದಳೆಗೆ ಜನ ಬೇಕಿದ್ದರೆ ಅದಕ್ಕೆ ಬೇರೆ ಚೀಟಿ ಮಾಡಿ, ಬೇರೆ ದರ ಇಡಿ.

## ಹಂತ 3: ಒಬ್ಬರನ್ನು ಒಬ್ಬರೆಂದೇ ಗುರುತಿಸಿ

ನಮ್ಮ ಕಡೆ ಗುರುತು ಎಂದರೆ ಮೊಬೈಲ್ ನಂಬರ್, ಇಮೇಲ್ ಅಲ್ಲ. ಆ ನಂಬರ್ ಒಂದೇ ರೂಪದಲ್ಲಿ ಕೂತಿರಬೇಕು. +91 ಇರುವುದು, ಮುಂದೆ 0 ಇರುವುದು, ನಡುವೆ ಜಾಗ ಬಿಟ್ಟದ್ದು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಇಲ್ಲವಾದರೆ ಒಬ್ಬರೇ ಮೂರು ಸದಸ್ಯರಾಗಿ, ಮೂರರಲ್ಲಿ ಎರಡು 'ಹೊಸ' ಸದಸ್ಯತ್ವ ಆಗುತ್ತವೆ. ಎಕ್ಸೆಲ್‌ನಲ್ಲಿ ನಂಬರ್ 9.44E+09 ಎಂಬಂತೆ ಕಂಡರೆ ಅಲ್ಲೇ ನಿಲ್ಲಿಸಿ. ಹಾಗೇ ಸಿಎಸ್‌ವಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ಉಳಿಸಿದರೆ ಕೊನೆಯ ಅಂಕಿಗಳು ಹೋಗಿಬಿಡುತ್ತವೆ. ಆ ಕಾಲಂನ ಮಾದರಿಯನ್ನು ಮೊದಲೇ 'ಟೆಕ್ಸ್ಟ್' ಮಾಡಿಟ್ಟುಕೊಂಡು ಆಮೇಲೆ ನಂಬರ್ ತುಂಬಬೇಕು.

ಎರಡನೆಯ ತೊಡಕು ಹಣ ಕಟ್ಟುವವರು ಬೇರೆ, ನೋಡುವವರು ಬೇರೆ ಆಗಿರುವುದು. ಅಪ್ಪಯ್ಯ ಸಿದ್ದಾಪುರದ ಮನೆಯಲ್ಲಿ ನೋಡುತ್ತಾರೆ, ಮಗ ಬೆಂಗಳೂರಿನಿಂದ ಕಟ್ಟುತ್ತಾನೆ. ಅರ್ಹತೆ ಯಾವತ್ತೂ ನೋಡುವವರ ಸದಸ್ಯತ್ವಕ್ಕೆ ಸೇರಿದ್ದು. ಕಟ್ಟುವವರ ಯುಪಿಐ ಐಡಿ ಅಥವಾ ಕಾರ್ಡ್ ನೋಡಿ 'ಇದು ಹಳೆಯ ಸದಸ್ಯರದ್ದು' ಎಂದು ತಡೆದರೆ ಅಪ್ಪ, ಮಾವ, ಅತ್ತೆ ಮೂವರಿಗೂ ಚಂದಾ ಕಟ್ಟುವ ಒಳ್ಳೆಯ ಗಿರಾಕಿಯನ್ನೇ ಕಳೆದುಕೊಳ್ಳುತ್ತೀರಿ. ಒಂದೇ ಯುಪಿಐ ಐಡಿಯಿಂದ ಹೊಸಬರ ಆಫರ್ ಮೂರಕ್ಕಿಂತ ಹೆಚ್ಚು ಸಲ ಹೋದರೆ ಮನುಷ್ಯರೊಬ್ಬರು ಕಣ್ಣಾಡಿಸಲಿ, ಸಾಕು.

ಕಡಿತವಾದ ಮೊಬೈಲ್ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಬಹುಕಾಲದ ಹಿಂದೆ ಬಿಟ್ಟುಹೋದ ಸದಸ್ಯರ ನಂಬರ್ ಈಗ ಇನ್ಯಾರದ್ದೋ ಆಗಿರಬಹುದು. 'ಮರಳಿ ಬನ್ನಿ' ಸಂದೇಶದಲ್ಲಿ ಹೆಸರು, ಹಳೆಯ ರಸೀದಿ ವಿವರ ಹಾಕಬೇಡಿ.

ನಗದು ಚಂದಾ ಇನ್ನೊಂದು ತಲೆನೋವು. ಆಟದ ಟೆಂಟಿನ ಪಕ್ಕ ಮೇಜು ಹಾಕಿ ರಸೀದಿ ಹರಿದುಕೊಟ್ಟಿರುತ್ತಾರೆ, ಪುಸ್ತಕ ಕಚೇರಿಗೆ ಬರುವುದು ಸೋಮವಾರ. ನಡುವಿನ ಎರಡು ದಿನ ಆ ಸದಸ್ಯರು ಆ್ಯಪ್ ತೆರೆದರೆ ಹೊಸಬರು. 699 ಕಟ್ಟಿಯೂ ಬಿಡುತ್ತಾರೆ, ಆಮೇಲೆ ರಿಫಂಡ್ ತಾಪತ್ರಯ. ಮೇಜಿನ ಮೇಲೆಯೇ ಫೋನಿನಲ್ಲಿ ನಂಬರ್ ಮತ್ತು ರಸೀದಿ ಸಂಖ್ಯೆ ಎರಡನ್ನು ಹಾಕುವ ಒಂದು ಪುಟ್ಟ ಫಾರ್ಮ್ ಇರಲಿ. ಉಳಿದ ವಿವರ ಸೋಮವಾರ ತುಂಬಿದರಾಯಿತು.

## ಹಂತ 4: ಪುರಾವೆ ಕೇಳುವ ಆಫರ್‌ಗಳು

ವಿದ್ಯಾರ್ಥಿ ದರಕ್ಕೆ ಕಾಲೇಜಿನ ಇಮೇಲ್ ಕೇಳುವ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಮಕ್ಕಳಿಗೆ ಅಂಥದ್ದು ಇರುವುದೇ ಇಲ್ಲ. ಗುರುತಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಹೆಸರು, ಕಾಲೇಜು, ವರ್ಷ ನೋಡಿ. 'ಪರಿಶೀಲಿಸಿದೆ, ಇಂಥ ದಿನದವರೆಗೆ ಮಾನ್ಯ' ಎಂದು ಬರೆದು ಫೋಟೋ ಅಳಿಸಿಬಿಡಿ. ಆಧಾರ್ ಪ್ರತಿ ಕೇಳಬೇಡಿ, ಅದರಿಂದ ವಿದ್ಯಾರ್ಥಿ ಎಂದು ಗೊತ್ತಾಗುವುದೂ ಇಲ್ಲ. ಮಾನ್ಯತೆಗೆ ಕೊನೆಯ ದಿನ ಇಡದೆ ಬಿಟ್ಟರೆ ಅರಣ್ಯ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವರೂ 499 ಕಟ್ಟುತ್ತಲೇ ಇರುತ್ತಾರೆ. ಪ್ರತಿ ಶೈಕ್ಷಣಿಕ ವರ್ಷಕ್ಕೂ ಮರುಪರಿಶೀಲನೆ ಇರಲಿ.

ಪಿಯುಸಿ ಮಕ್ಕಳ ವಿಷಯ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18ರ ಒಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಪಡೆಯಲು ಪಾಲಕರ ಒಪ್ಪಿಗೆ ಬೇಕು. ಸುಲಭದ ದಾರಿ: ಸದಸ್ಯತ್ವ ಪಾಲಕರ ಹೆಸರಲ್ಲಿ, ವಿದ್ಯಾರ್ಥಿ ದರ ಅವರಿಗೇ.

ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ ಎಂಬ ಆಫರ್ ಇದ್ದರೆ ಪಿನ್‌ಕೋಡ್ ಮೇಲೆ ನಿಯಮ ಬರೆಯುತ್ತಾರೆ. ಇಲ್ಲಿ ಎಡವುವುದು ತುಂಬ ಸುಲಭ. '581ರಿಂದ ಶುರುವಾದರೆ ನಮ್ಮವರು' ಎಂದರೆ ಹಾವೇರಿಯ 581110, ರಾಣೆಬೆನ್ನೂರಿನ 581115 ಕೂಡ ಒಳಗೆ ಬರುತ್ತವೆ. ಬಿಗಿ ಮಾಡೋಣವೆಂದು '5813 ಅಥವಾ 5814' ಎಂದರೆ ಕಾರವಾರ 581301, ಕುಮಟಾ 581343, ಹೊನ್ನಾವರ 581334, ಶಿರಸಿ 581401 ಎಲ್ಲ ಸಿಕ್ಕಿ, ಜೋಯಿಡಾದ 581186 ಹೊರಗೆ ಉಳಿಯುತ್ತದೆ. ಮೊದಲ ಅಂಕಿಗಳ ಲೆಕ್ಕ ಬಿಟ್ಟು ಪೂರ್ತಿ ಆರಂಕಿಯ ಪಟ್ಟಿಯನ್ನೇ ಹಾಕಿ, ಅಂಚೆ ಇಲಾಖೆಯ ಪಿನ್‌ಕೋಡ್ ಪಟ್ಟಿಗೆ ತಾಳೆ ನೋಡಿ. ಫೋನಿನ ಲೊಕೇಶನ್ ಅಥವಾ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಫೋನಿಗೆ ಸಿಗುವ ಸಂಖ್ಯೆ) ನಂಬಬೇಡಿ. ಯಲ್ಲಾಪುರದ ಮನೆಯಲ್ಲಿ ಕೂತವರ ಐಪಿ ಬೆಂಗಳೂರು ಎಂದು ತೋರಿಸುವುದು ಮಾಮೂಲು.

## ಹಂತ 5: ನಿಯಮ ಸರ್ವರ್‌ನಲ್ಲಿ, ಮೇಲಿನಿಂದ ಕೆಳಕ್ಕೆ

ಆ್ಯಪ್‌ನಲ್ಲೋ ಪುಟದಲ್ಲೋ ನಿಯಮ ಬರೆದರೆ ಅದು ಬರೀ ಪರದೆ. ಹಳೆಯ ಆವೃತ್ತಿಯ ಆ್ಯಪ್ ಇಟ್ಟುಕೊಂಡವರಿಗೆ ಹಳೆಯ ನಿಯಮವೇ ಓಡುತ್ತದೆ. ಸರ್ವರ್ ತೀರ್ಮಾನಿಸಲಿ, ಆ್ಯಪ್ ಅದನ್ನು ತೋರಿಸಲಿ.

ನಿಯಮಗಳನ್ನು ಒಂದೇ ಸಾಲಿನಲ್ಲಿ ಆದ್ಯತೆಯಂತೆ ಜೋಡಿಸಿ, ಮೊದಲು ಹೊಂದಿದ್ದೇ ಉತ್ತರ, ಅಲ್ಲಿಗೆ ನಿಲ್ಲಿಸಿ:

1. ಗೌರವ ಸದಸ್ಯರೇ? ಏನೂ ತೋರಿಸಬೇಡಿ.
2. ಕಂತು ನಿಂತಿದೆಯೇ? ಸರಿಪಡಿಸುವ ಸಂದೇಶ.
3. ಚಾಲ್ತಿಯಲ್ಲಿದೆಯೇ? ಮಾಸಿಕದವರಿಗೆ ವಾರ್ಷಿಕಕ್ಕೆ ಏರುವ ಆಫರ್, ವಾರ್ಷಿಕದವರಿಗೆ ಏನೂ ಇಲ್ಲ.
4. ಮಾಹಿತಿ ಅಪೂರ್ಣವೇ? ಮಾಮೂಲಿ ದರ.
5. ವಿದ್ಯಾರ್ಥಿ, ಪರಿಶೀಲನೆ ಮಾನ್ಯವೇ? 499. ಮಾನ್ಯತೆ ಮುಗಿದಿದ್ದರೆ ಮರುಪರಿಶೀಲನೆಯ ಸಾಲು.
6. ಬಿಟ್ಟು 180 ದಿನ ದಾಟಿದೆಯೇ, ಮರಳುವ ಆಫರ್ ಹಿಂದೆ ಬಳಸಿಲ್ಲವೇ? 799.
7. ಒಮ್ಮೆಯೂ ಹಣ ಕಟ್ಟಿಲ್ಲವೇ, ಉಡುಗೊರೆ ಚಂದಾವೂ ಪಡೆದಿಲ್ಲವೇ? 699.
8. ಯಾವುದೂ ಅಲ್ಲವೇ? ಮಾಮೂಲಿ ದರ.

ನಾಲ್ಕನೆಯದು ಏಳಕ್ಕಿಂತ ಮೇಲೆ ಇರಲೇಬೇಕು. ಅದು ಕೆಳಗೆ ಜಾರಿದರೆ ಹಂತ 1ರ ಎಲ್ಲ ಶ್ರಮ ನೀರಿಗೆ. ಒಬ್ಬರಿಗೆ ಒಂದು ಹೊತ್ತಿಗೆ ಒಂದೇ ಆಫರ್. ಎರಡು ಇಟ್ಟು ಆರಿಸಿಕೊಳ್ಳಿ ಎಂದರೆ ಫೋನ್ ಮಾಡಿ ಕೇಳುವವರೇ ಹೆಚ್ಚು.

ಸರ್ವರ್ ಬರೀ 'ಹೌದು/ಇಲ್ಲ' ಹೇಳದೆ ಕಾರಣವನ್ನೂ ಬರೆದಿಡಬೇಕು: 'ನಿಯಮ 3ರಲ್ಲಿ ನಿಂತಿತು, ಚಂದಾ ಮಾರ್ಚ್ 14ರವರೆಗೆ ಚಾಲ್ತಿ.' ಫೋನ್ ಎತ್ತುವವರ ಪರದೆಯಲ್ಲಿ ಈ ಸಾಲು ಕಂಡರೆ ಉತ್ತರ ಅರ್ಧ ನಿಮಿಷದ ಕೆಲಸ. "ಸಿಸ್ಟಂ ಹಾಗೆ ತೋರಿಸ್ತಾ ಇದೆ ಸರ್" ಎನ್ನುವ ಗತಿ ಬರಬಾರದು.

## ಹಂತ 6: ತೋರಿಸುವ ಜಾಗಗಳನ್ನೆಲ್ಲ ಹುಡುಕಿ

ದರದ ಪುಟ, ಮುಖಪುಟದ ಪಟ್ಟಿ, ವಿಡಿಯೋ ಮುಗಿದಾಗ ಬರುವ ಪರದೆ, ನೋಟಿಫಿಕೇಶನ್, ಎಸ್ಎಂಎಸ್, ವಾಟ್ಸ್ಆ್ಯಪ್ ಪ್ರಸಾರ. ಒಂದು ಕಡೆ ಸರಿಮಾಡಿ ಇನ್ನೊಂದು ಕಡೆ ಮರೆತರೆ ಮತ್ತೆ ಅದೇ ದೂರು.

ಲಾಗಿನ್ ಆಗದವರಿಗೆ 699 ತೋರಿಸುವುದಾದರೆ 'ಮೊದಲ ಬಾರಿ ಸೇರುವವರಿಗೆ' ಎಂದು ದರದ ಅಕ್ಷರದಷ್ಟೇ ದೊಡ್ಡದಾಗಿ ಹಾಕಿ. ನಂಬರ್ ಹಾಕಿದ ಕೂಡಲೇ, ಹಣದ ಪುಟಕ್ಕೆ ಹೋಗುವ ಮೊದಲೇ, ಅವರಿಗೆ ಸಲ್ಲುವ ದರ ಕಾಣಬೇಕು.

ಆಫರ್ ಇರುವ ಪುಟವನ್ನು ಸಿಡಿಎನ್ (ಪುಟಗಳನ್ನು ವೇಗವಾಗಿ ಹಂಚುವ ಸರ್ವರ್ ಜಾಲ) ಕ್ಯಾಶ್ ಮಾಡಬಾರದು, ಅಂದರೆ ಅದರ ಪ್ರತಿ ಉಳಿಸಿಟ್ಟುಕೊಳ್ಳಬಾರದು. ಮಾಡಿದರೆ ಒಬ್ಬರಿಗೆಂದು ತಯಾರಾದ ಪುಟ ಮುಂದಿನವರಿಗೂ ಹೋಗುತ್ತದೆ. 'ರಿಫ್ರೆಶ್ ಮಾಡಿದ ಹಾಗೆ ದರ ಬದಲಾಗ್ತದೆ' ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದದ್ದು ಇದನ್ನು. ಫೋನಿನಲ್ಲಿ ಉಳಿಸಿಟ್ಟ ಉತ್ತರಕ್ಕೂ ಆಯುಷ್ಯ ಇರಲಿ, 15 ನಿಮಿಷ ಸಾಕು. ಘಟ್ಟದ ತಿರುವುಗಳಲ್ಲಿ, ಮಳೆಗಾಲದ ಕರೆಂಟಿಲ್ಲದ ದಿನಗಳಲ್ಲಿ ನೆಟ್ ಇರುವುದಿಲ್ಲ; ಆಗ ಹಳೆಯ ಆಫರ್ ತೋರಿಸುವ ಬದಲು 'ದರ ನೋಡಲು ನೆಟ್ ಬೇಕು' ಎಂದರೆ ಯಾರೂ ಬೇಸರಿಸುವುದಿಲ್ಲ.

ಎಲ್ಲರಿಗೂ ಒಂದೇ ಕೂಪನ್ ಕೋಡ್ ಕೊಟ್ಟು 'ಹಳೆಯ ಸದಸ್ಯರಿಗೆ ಮಾತ್ರ' ಎಂದರೆ ಅದು ಚೌತಿಯ ಶುಭಾಶಯದ ಜೊತೆ ಜಿಲ್ಲೆಯೆಲ್ಲ ಸುತ್ತುತ್ತದೆ. ಕೋಡ್ ಸದಸ್ಯ ಸಂಖ್ಯೆಗೆ ಕಟ್ಟಿದ್ದಾಗಿರಲಿ, ಒಂದೇ ಸಲ ನಡೆಯಲಿ. ಲಿಂಕ್‌ನಲ್ಲಿ ಪ್ರಚಾರದ ಹೆಸರು ಇದ್ದರೆ ಸಾಕು, ದರವಾಗಲಿ ಅರ್ಹತೆಯಾಗಲಿ ಇರಬಾರದು.

## ಹಂತ 7: ಹಣ ಪಡೆಯುವ ಮುನ್ನ ಇನ್ನೊಮ್ಮೆ

ಬೆಳಿಗ್ಗೆ ಪುಟ ತೆರೆದಿಟ್ಟು ರಾತ್ರಿ ಕಟ್ಟುವವರಿದ್ದಾರೆ. ಅಷ್ಟರಲ್ಲಿ ಆಫರ್ ಮುಗಿದಿರಬಹುದು, ಮನೆಯ ಇನ್ನೊಬ್ಬರು ಅದೇ ನಂಬರಿನಿಂದ ಕಟ್ಟಿರಬಹುದು. 'ಪಾವತಿಸಿ' ಒತ್ತಿದ ಕ್ಷಣ ಅದೇ ನಿಯಮಗಳನ್ನು ಸರ್ವರ್ ಮತ್ತೆ ಓಡಿಸಲಿ, ಮೊತ್ತವನ್ನು ತಾನೇ ಹಾಕಲಿ. ಮೊತ್ತ ಆ್ಯಪ್‌ನಿಂದ ಬರುವ ಹಾಗಿದ್ದರೆ ತಿಳಿದವರು 699ನ್ನು 6 ಮಾಡಿಯೂ ಕಳಿಸಬಲ್ಲರು. ಎರಡು ಸಲ ಒತ್ತಿದರೆ ಎರಡು ಚಂದಾ ಆಗದಂತೆ ಸದಸ್ಯ ಸಂಖ್ಯೆ ಮತ್ತು ಆಫರ್ ಜೋಡಿಗೆ ಒಂದೇ ದಾಖಲೆ ಎಂಬ ಬೀಗವನ್ನು ಡೇಟಾಬೇಸ್‌ನಲ್ಲೇ ಹಾಕಿ.

ದರ ಬದಲಾದರೆ ಸುಮ್ಮನೆ ಹೆಚ್ಚು ಮೊತ್ತ ಎಳೆಯಬೇಡಿ. ನಿಲ್ಲಿಸಿ, ಹೇಳಿ, ಒಪ್ಪಿಗೆ ಕೇಳಿ.

ಯುಪಿಐ ಆಟೋಪೇಯಲ್ಲಿ ಒಂದು ಸೂಕ್ಷ್ಮ ಇದೆ. ಮ್ಯಾಂಡೇಟ್ (ಕಂತು ತಾನಾಗಿ ಎಳೆಯಲು ಸದಸ್ಯರು ಕೊಡುವ ಒಪ್ಪಿಗೆ) ಮಾಡುವಾಗ ಗರಿಷ್ಠ ಮೊತ್ತ ಹಾಕಬೇಕು. ಮೊದಲ ವರ್ಷ 699 ಎಂದು ಅಷ್ಟೇ ಹಾಕಿದರೆ ಎರಡನೆಯ ವರ್ಷ 999 ಎಳೆಯಲು ಆಗುವುದಿಲ್ಲ. ಒಂದು ವರ್ಷದ ಹಿಂದಿನ ತಪ್ಪು ಅಂದು ಒಮ್ಮೆಗೇ ಎದ್ದು ಕೂರುತ್ತದೆ. ಗರಿಷ್ಠ 999 ಹಾಕಿದರೆ ಫೋನ್‌ಪೇ, ಗೂಗಲ್ ಪೇ ಪರದೆಯಲ್ಲಿ 999 ಕಂಡು ಜನ ಹೆದರಿ ಹಿಂದೆ ಸರಿಯುತ್ತಾರೆ. ಬಟನ್ ಮೇಲೆಯೇ ಬರೆಯಿರಿ: 'ಇಂದು ಕಟ್ಟಾಗುವುದು 699. ಮುಂದಿನ ವರ್ಷದಿಂದ 999 ಆದ್ದರಿಂದ ಒಪ್ಪಿಗೆಯ ಪರದೆಯಲ್ಲಿ 999 ಕಾಣುತ್ತದೆ.' ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಕಂತಿನ ಕನಿಷ್ಠ 24 ಗಂಟೆ ಮೊದಲು ಸೂಚನೆ ಹೋಗುತ್ತದೆ. ಅದರ ಮೇಲೆ ನಿಮ್ಮದೇ ಸೂಚನೆ ಏಳು ದಿನ ಮೊದಲು ಹೋದರೆ ಜಗಳ ತಪ್ಪುತ್ತದೆ.

ತೋರಿಸುವ ದರದಲ್ಲಿ 18% ಜಿಎಸ್‌ಟಿ ಸೇರಿರಲಿ. ಕೊನೆಯ ಪುಟದಲ್ಲಿ ಸೇರಿಸುವುದು, ರದ್ದು ಬಟನ್ ಅಡಗಿಸುವುದು, ಉಚಿತ ಟ್ರಯಲ್‌ಗೂ ಆಟೋಪೇ ಕಡ್ಡಾಯ ಮಾಡುವುದು, 'ಇನ್ನು 10 ನಿಮಿಷ ಮಾತ್ರ' ಎಂದು ಸುಳ್ಳು ಗಡಿಯಾರ ಓಡಿಸುವುದು, ಇವೆಲ್ಲ 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗಿರಾಕಿಯ ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯ 13 ಬಗೆಗಳೊಳಗೆ ಬರುತ್ತವೆ. ಟ್ರಯಲ್ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ, ಅದನ್ನು ಮೊದಲು ಸರಿಮಾಡಿ.

## ಹಂತ 8: ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಮೂಲಕ ಮಾರಿದರೆ

ಎರಡೂ ಅಂಗಡಿಗಳಿಗೆ ತಮ್ಮಲ್ಲಿ ನಡೆದ ವ್ಯಾಪಾರ ಮಾತ್ರ ಗೊತ್ತು. ಜಾಲತಾಣದಲ್ಲಿ ಯುಪಿಐ ಮೂಲಕ ಮೂರು ವರ್ಷ ಕಟ್ಟಿದವರು ಗೂಗಲ್‌ಗೆ ಹೊಸ ಗಿರಾಕಿಯೇ.

ಪ್ಲೇ ಕನ್ಸೋಲ್‌ನಲ್ಲಿ (ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಮಾರುವವರ ನಿರ್ವಹಣಾ ಪುಟ) ಚಂದಾದ ಕೆಳಗೆ ಬೇಸ್ ಪ್ಲಾನ್ (ಅವಧಿ ಮತ್ತು ಮೂಲ ದರ), ಅದರ ಕೆಳಗೆ ಆಫರ್ ಇರುತ್ತದೆ. ಆಫರ್‌ನ ಅರ್ಹತೆಗೆ ಮೂರು ಆಯ್ಕೆ: ಹೊಸ ಗಿರಾಕಿ, ಅಪ್‌ಗ್ರೇಡ್, ಡೆವಲಪರ್ ನಿರ್ಧರಿಸುವುದು. ಮೊದಲ ಎರಡನ್ನು ಗೂಗಲ್ ತಾನೇ ಸೋಸಿ ಕೊಡುತ್ತದೆ. ಮೂರನೆಯದನ್ನು ಸೋಸುವುದಿಲ್ಲ, ಎಲ್ಲರ ಆ್ಯಪ್‌ಗೂ ಕಳಿಸುತ್ತದೆ, ತೋರಿಸುವುದು ಬಿಡುವುದು ನಿಮ್ಮ ಕೋಡ್‌ಗೆ ಬಿಟ್ಟದ್ದು. ಇದನ್ನು ತಿಳಿಯದೆ ಬಂದ ಪಟ್ಟಿಯಲ್ಲಿ ಅತಿ ಕಡಿಮೆ ದರದ್ದನ್ನು ಎತ್ತಿ ತೋರಿಸುವ ಕೋಡ್ ಬರೆದರೆ ವಿದ್ಯಾರ್ಥಿ ದರ ಎಲ್ಲರಿಗೂ ಸಿಗುತ್ತದೆ. ಜಾಲತಾಣದಲ್ಲೂ ಮಾರುವವರು ಮೂರನೆಯದನ್ನೇ ಆರಿಸಿ, ಪ್ರತಿ ಆಫರ್‌ಗೂ ಟ್ಯಾಗ್ ಹಾಕಿ, ಸರ್ವರ್ ಹೇಳಿದ ಟ್ಯಾಗ್ ಇದ್ದದ್ದನ್ನು ಮಾತ್ರ ತೋರಿಸಿ.

ಆ್ಯಪಲ್‌ನಲ್ಲಿ ಪರಿಚಯ ದರ ಒಂದು ಚಂದಾ ಗುಂಪಿಗೆ ಒಬ್ಬರಿಗೆ ಒಂದೇ ಸಲ. ಆದ್ದರಿಂದ ಮಾಸಿಕ, ವಾರ್ಷಿಕ ಎರಡೂ ಒಂದೇ ಗುಂಪಿನಲ್ಲಿರಲಿ. ಹಳಬರಿಗೆ, ಬಿಟ್ಟುಹೋದವರಿಗೆ ಪ್ರಮೋಷನಲ್ ಆಫರ್ ಇದೆ, ಅದಕ್ಕೆ ನಿಮ್ಮ ಸರ್ವರ್ ಡಿಜಿಟಲ್ ಸಹಿ ಹಾಕಬೇಕು. ಜಾಲತಾಣದ ಹಳೆಯ ಸದಸ್ಯರಿಗೆ ಪರಿಚಯ ದರ ಬೇಡವಾದರೆ ಅದು ಅಂಟದ ಇನ್ನೊಂದು ಪ್ರಾಡಕ್ಟ್ ಅದೇ ಗುಂಪಿನಲ್ಲಿ ಮಾಡಿ ಅದನ್ನು ತೋರಿಸಿ.

ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋದವರಿಗೆ ಸ್ಟೋರ್ ದರ ಅವರ ಸ್ಟೋರ್ ಖಾತೆಯ ದೇಶದ ಮೇಲೆ ನಿಲ್ಲುತ್ತದೆ. ಆಫರ್‌ನ ದೇಶಗಳ ಪಟ್ಟಿಯಲ್ಲಿ ಭಾರತ ಒಂದನ್ನೇ ಇಟ್ಟಿದ್ದರೆ ಅವರಿಗೆ ಕಾಣುವುದಿಲ್ಲ.

## ಹಂತ 9: ಪರೀಕ್ಷೆ

ಪ್ರತಿ ಸ್ಥಿತಿಗೂ ಒಬ್ಬ ಪರೀಕ್ಷಾ ಸದಸ್ಯರನ್ನು ಮಾಡಿ, ಏನು ಕಾಣಬೇಕೆಂದು ಮೊದಲೇ ಬರೆದಿಟ್ಟು ಆಮೇಲೆ ನೋಡಿ. ನೋಡಿದ ಮೇಲೆ ಬರೆದರೆ ಕಂಡದ್ದೇ ಸರಿ ಅನಿಸುತ್ತದೆ.

| ಸದಸ್ಯರು | ಕಾಣಬೇಕಾದದ್ದು |
|---|---|
| ಇಂದೇ ನೋಂದಣಿ, ಹಣ ಕಟ್ಟಿಲ್ಲ | 699 |
| ಮೊದಲ ಪಾವತಿಯ ದಿನ ಖಾಲಿ | 999, ರಸೀದಿ ಕೇಳುವ ಸಾಲು |
| ವಾರ್ಷಿಕ ಚಾಲ್ತಿ, ಆಟೋಪೇ ರದ್ದು | ಏನೂ ಇಲ್ಲ |
| ಬಿಟ್ಟು 179 ದಿನ | 999 |
| ಬಿಟ್ಟು 181 ದಿನ | 799 |
| ವಿದ್ಯಾರ್ಥಿ, ಮಾನ್ಯತೆ ನಿನ್ನೆ ಮುಗಿದಿದೆ, ಚಂದಾ ಇಲ್ಲ | ಮರುಪರಿಶೀಲನೆಯ ಸಾಲು |
| ಜೋಯಿಡಾದ ಪಿನ್, ಜಿಲ್ಲಾ ಆಫರ್ ದಿನ | ಜಿಲ್ಲಾ ಆಫರ್ |

ಗಡಿಯ ಒಂದು ದಿನ ಹಿಂದೆ, ಒಂದು ದಿನ ಮುಂದೆ ನೋಡದ ಪರೀಕ್ಷೆ ಪರೀಕ್ಷೆಯಲ್ಲ. ಪ್ಲೇ ಸ್ಟೋರ್‌ನ ಲೈಸೆನ್ಸ್ ಪರೀಕ್ಷಕರ (ನಿಜವಾದ ಹಣ ಕಟ್ಟದೆ ಖರೀದಿ ಪರೀಕ್ಷಿಸುವವರ) ಖಾತೆಯಲ್ಲಿ ಮಾಸಿಕ ಚಂದಾ 5 ನಿಮಿಷಕ್ಕೆ, ವಾರ್ಷಿಕ ಚಂದಾ 30 ನಿಮಿಷಕ್ಕೆ ನವೀಕರಣವಾಗುತ್ತದೆ, ಮುಗಿದ ಸ್ಥಿತಿ ನೋಡಲು ವರ್ಷ ಕಾಯಬೇಕಿಲ್ಲ.

## ಹಂತ 10: ಆಫರ್ ಬಿಡುಗಡೆ ಮಾಡಿದ ಮೇಲೆ ಕಣ್ಣಿಡಬೇಕಾದ ಸೂಚನೆಗಳು

ಎಲ್ಲರಿಗೂ ಒಮ್ಮೆಗೇ ಬಿಡಬೇಡಿ. ಮೊದಲು ಹತ್ತರಲ್ಲಿ ಒಬ್ಬರಿಗೆ, ಎರಡು ದಿನ ನೋಡಿ ಉಳಿದವರಿಗೆ. ಭಾನುವಾರ ಸಂಜೆ ಬಿಡುವುದು ಬೇಡ, ಫೋನ್ ಎತ್ತುವವರು ಇರುವ ದಿನ ಬಿಡಿ.

ಹೊಸಬರ ಆಫರ್ ಪಡೆದವರು ಅಂದಿನ ಹೊಸ ನೋಂದಣಿಗಿಂತ ಬಹಳ ಹೆಚ್ಚಿದ್ದರೆ ಹಳಬರು ನುಗ್ಗಿದ್ದಾರೆ. ಪಾವತಿಯ ಹೊತ್ತಿನ ಮರುಪರಿಶೀಲನೆಯಲ್ಲಿ ನಿಲ್ಲುವವರು ಹೆಚ್ಚಾದರೆ ತೋರಿಸುವ ಕಡೆ ಏನೋ ಹಳಸಿದೆ, ಕ್ಯಾಶ್ ನೋಡಿ. 'ಮರಳಿ ಬನ್ನಿ' ಸಂದೇಶ ಹೋದ ಬೆನ್ನಿಗೆ ಚಾಲ್ತಿ ಸದಸ್ಯರ ರದ್ದತಿ ಏರಿದರೆ ಆ ಸಂದೇಶ ತಪ್ಪು ಮಂದಿಗೆ ಮುಟ್ಟಿದೆ, ಇಲ್ಲವೇ ಫಾರ್ವರ್ಡ್ ಆಗಿದೆ. 'ಮಾಹಿತಿ ಅಪೂರ್ಣ' ಖಾನೆ ಏರುತ್ತಲೇ ಇದ್ದರೆ ಯಾವುದೋ ರಸೀದಿ ಪುಸ್ತಕ ಏರಿಸಿಲ್ಲ.

ತಪ್ಪು ದರದಲ್ಲಿ ಈಗಾಗಲೇ ಹಣ ಕಟ್ಟಿದವರಿಗೆ ಆ ದರವನ್ನೇ ಉಳಿಸಿಕೊಡಿ. 300 ರೂಪಾಯಿ ವಸೂಲಿಗೆ ಹೋದರೆ ಸದಸ್ಯರೂ ಹೋಗುತ್ತಾರೆ, ಅವರ ಊರೂ ಹೋಗುತ್ತದೆ.

## ಆಫರ್ ಮುಚ್ಚುವಾಗ

ನಿಯಮವನ್ನು ಅಳಿಸಬೇಡಿ, ಕೊನೆಯ ದಿನ ಹಾಕಿ ನಿಷ್ಕ್ರಿಯ ಮಾಡಿ. ಯಾರಿಗೆ ಯಾವ ನಿಯಮದಿಂದ ಯಾವ ದರ ಸಿಕ್ಕಿತೆಂದು ಮುಂದಿನ ವರ್ಷದ ನವೀಕರಣದ ಹೊತ್ತಿಗೆ ಬೇಕಾಗುತ್ತದೆ. ಮುಚ್ಚುವ ಗಂಟೆಯಲ್ಲಿ ಯುಪಿಐ ಪರದೆಯಲ್ಲಿ ಇದ್ದವರಿಗೆ ಅರ್ಧ ತಾಸಿನ ರಿಯಾಯಿತಿ ಕೊಡಿ. ಬ್ಯಾಂಕ್ ಸರ್ವರ್ ತಡವಾದರೆ ಅದು ಅವರ ತಪ್ಪಲ್ಲ. ಕೊನೆಗೆ ಉಳಿಯುವುದು ಕ್ಯೂಆರ್ ಕೋಡ್ ಇರುವ ಪೋಸ್ಟರ್‌ಗಳು. ಹೊನ್ನಾವರದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಅಂಟಿಸಿದ್ದು ಮುಂದಿನ ಮಳೆಗಾಲದವರೆಗೂ ಅಲ್ಲೇ ಇರುತ್ತದೆ, ಜನ ಸ್ಕ್ಯಾನ್ ಮಾಡುತ್ತಲೇ ಇರುತ್ತಾರೆ. ಆ ಲಿಂಕ್ ಕೊಲ್ಲಬೇಡಿ. 'ಈ ಆಫರ್ ಮುಗಿದಿದೆ, ಇಂದಿನ ದರ ಇಷ್ಟು' ಎಂಬ ಪುಟಕ್ಕೆ ತಿರುಗಿಸಿ, ನಂಬರ್ ಹಾಕಿದವರಿಗೆ ಹಂತ 5ರ ನಿಯಮಗಳು ಅಲ್ಲೂ ಓಡಲಿ.